ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆ: ಎಕ್ಸೋ, ವೇಲ್ಯಾಂಡೋ ಮೊದಲು ನೋಡಿಕೊಳ್ಳಿ

ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಟಚ್‌ಪ್ಯಾಡ್ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲ, ಕನ್ನಡ ಮೂಡುತ್ತಿಲ್ಲ ಎಂದು ಅಂತರ್ಜಾಲದಲ್ಲಿ ಹುಡುಕಿದರೆ ‘ಎಕ್ಸ್‌ಇನ್‌ಪುಟ್ ಕಮಾಂಡ್ ಬಳಸಿ’, ‘ಎಕ್ಸ್‌ಮಾಡ್‌ಮ್ಯಾಪ್ ಬಳಸಿ’ ಎಂಬ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಅವು ಸುಳ್ಳಲ್ಲ, ಆದರೆ ಎಕ್ಸ್ ಕಾಲದವು. ಎಕ್ಸ್ ಎಂದರೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸಿ, ಮೌಸ್, ಕೀಲಿಮಣೆಯಲ್ಲಿ ಒತ್ತಿದ್ದನ್ನು ತಂತ್ರಾಂಶಗಳಿಗೆ ತಲುಪಿಸುವ ವ್ಯವಸ್ಥೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ಸಿಸ್ಟಮ್‌ನ ಜಾಗಕ್ಕೆ ಈಗ ಅದೇ ಕೆಲಸದ ಹೊಸ ವ್ಯವಸ್ಥೆ ವೇಲ್ಯಾಂಡ್ ಬಂದು ಕೂತಿದೆ.

ಆದ್ದರಿಂದ ಮೊದಲ ಕೆಲಸ: ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅಬೌಟ್, ಸಿಸ್ಟಮ್ ಡೀಟೇಲ್ಸ್‌ಗೆ ಹೋಗಿ ‘ವಿಂಡೋಯಿಂಗ್ ಸಿಸ್ಟಮ್’ ಎದುರು ಏನಿದೆ ನೋಡಿ. ವೇಲ್ಯಾಂಡ್ ಎಂದಿದ್ದರೆ ಆ ಹಳೆಯ ಕಮಾಂಡುಗಳ ಗೊಡವೆ ಬೇಡ. ಎಕ್ಸ್‌ನಲ್ಲಿ ಒಂದು ತಂತ್ರಾಂಶ ಇನ್ನೊಂದರ ಕಿಟಕಿಯಲ್ಲಿ ನೀವು ಒತ್ತುವ ಕೀಲಿಗಳನ್ನೂ ಕದ್ದು ಓದಬಹುದಿತ್ತು, ಪಾಸ್‌ವರ್ಡ್ ಸಹಿತ. ವೇಲ್ಯಾಂಡ್ ಅದಕ್ಕೆ ಬಿಡುವುದಿಲ್ಲ. ಮೌಸ್, ಕೀಲಿಮಣೆಗಳ ಯಜಮಾನಿಕೆಯೆಲ್ಲ ಡೆಸ್ಕ್‌ಟಾಪಿನದೇ.

ಟಚ್‌ಪ್ಯಾಡಿನದು ಸುಲಭ. ‘ಮೌಸ್ ಆಂಡ್ ಟಚ್‌ಪ್ಯಾಡ್’ನಲ್ಲಿ ‘ಟ್ಯಾಪ್ ಟು ಕ್ಲಿಕ್’ ಆನ್ ಮಾಡಿದರೆ ಮುಗಿಯಿತು.

ಕನ್ನಡಕ್ಕೆ ಸ್ವಲ್ಪ ತಾಳ್ಮೆ ಬೇಕು. ‘ಕೀಬೋರ್ಡ್’ ವಿಭಾಗದ ‘ಇನ್‌ಪುಟ್ ಸೋರ್ಸಸ್’ನಲ್ಲಿ ಪ್ಲಸ್ ಗುರುತು ಒತ್ತಿ, ಪಟ್ಟಿಯ ಕೊನೆಯ ಮೂರು ಚುಕ್ಕಿ ಒತ್ತಿದರೆ ಕನ್ನಡ ಹುಡುಕಬಹುದು. ಅಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಹೆಸರಿನ ವಿನ್ಯಾಸ ಕಂಡ ತಕ್ಷಣ ‘ನುಡಿ’ ತಂತ್ರಾಂಶ ಬಳಸಿದವರು ಹಿಗ್ಗುತ್ತಾರೆ. ಸ್ವಲ್ಪ ತಡೆಯಿರಿ. ಬರೀ ಕೀಲಿಮಣೆ ವಿನ್ಯಾಸಕ್ಕೆ ಹಿಂದಿನ ಅಕ್ಷರ ಯಾವುದೆಂಬ ನೆನಪಿರುವುದಿಲ್ಲ. ವ್ಯಂಜನದ ನಂತರ ಸ್ವರ ಒತ್ತಿದರೆ ಅದು ತಾನಾಗಿ ಗುಣಿತವಾಗುವುದಿಲ್ಲ. ಆ ಬುದ್ಧಿ ಇರುವುದು ಐಬಸ್‌ಗೆ, ಅಂದರೆ ಒತ್ತಿದ ಕೀಲಿಗಳನ್ನು ಜೋಡಿಸಿ ಅಕ್ಷರ ಮಾಡಿಕೊಡುವ ತಂತ್ರಾಂಶಕ್ಕೆ. ತಂತ್ರಾಂಶಗಳನ್ನು ಹಾಕಿಕೊಡುವ ಪ್ಯಾಕೇಜ್ ಮ್ಯಾನೇಜರಿನಿಂದ ‘ಐಬಸ್-ಎಂ17ಎನ್’ ಹಾಕಿಕೊಂಡು, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಇನ್‌ಪುಟ್ ಸೋರ್ಸಸ್‌ನ ಕನ್ನಡ ಪಟ್ಟಿಯಲ್ಲಿ ‘ಕೆಜಿಪಿ’ (ಕಗಪದ ಇಂಗ್ಲಿಷ್ ಹೆಸರು) ಸೇರಿರುತ್ತದೆ. ಅದನ್ನೇ ಆರಿಸಿ. ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಕೀಲಿ ಒಟ್ಟಿಗೆ ಒತ್ತಿದರೆ ಇಂಗ್ಲಿಷು, ಕನ್ನಡ ಅದಲುಬದಲು. ಪರೀಕ್ಷೆಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ: ‘ಕನ್ನಡ’ ಮೂಡಬೇಕು. ಒತ್ತಕ್ಷರಕ್ಕೆ ಎಫ್, ನುಡಿಯಲ್ಲಿದ್ದಂತೆಯೇ.

ಯಾವುದೋ ಹಳೆಯ ತಂತ್ರಾಂಶ ವೇಲ್ಯಾಂಡ್‌ನಲ್ಲಿ ಹಟ ಹಿಡಿದರೆ? ಉಬುಂಟು 24.04ರಲ್ಲಿ ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಆರಿಸಿ, ಕೆಳಗೆ ಬಲಮೂಲೆಯ ಹಲ್ಲುಚಕ್ರದ ಚಿತ್ರ ಒತ್ತಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿ ಎಕ್ಸ್‌ಗೆ ಮರಳಬಹುದು. ಇದನ್ನೇ ನೆಚ್ಚಿಕೊಳ್ಳಬೇಡಿ, 25.10ರಿಂದ ಆ ಆಯ್ಕೆಯನ್ನೇ ತೆಗೆದಿದ್ದಾರೆ.