ಚೀನಾದ ರೇಷ್ಮೆ ದಾರಿಗೆ ಗ್ರೂಪ್ ಟೂರ್ ಹೋಗುವುದು ಹೇಗೆ?

ಹಿಂದೆ ಚೀನಾದಿಂದ ಪಶ್ಚಿಮದ ನಾಡುಗಳಿಗೆ ವ್ಯಾಪಾರ ನಡೆಯುತ್ತಿದ್ದ ರೇಷ್ಮೆ ದಾರಿಯನ್ನು ಒಮ್ಮೆ ನೋಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಈಗ ಒಳ್ಳೆಯ ಸಮಯ. ಕೋವಿಡ್ ಬಂದಾಗ ನಿಂತುಹೋಗಿದ್ದ ಚೀನಾದ ಟೂರಿಸ್ಟ್ ವೀಸಾ ಭಾರತೀಯರಿಗೆ 2025ರ ಜುಲೈನಿಂದ ಮತ್ತೆ ಸಿಗುತ್ತಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡು ದೇಶಗಳ ನಡುವೆ ನೇರ ವಿಮಾನಗಳೂ ಶುರುವಾದವು. ಒಬ್ಬರೇ ಹೋಗಲು ಆಗುವುದಿಲ್ಲ ಅಂತಲ್ಲ. ಆದರೆ ಭಾಷೆ ಬಾರದ ಕಡೆ, ಸಾವಿರಾರು ಕಿಲೋಮೀಟರ್ ಮರುಭೂಮಿಯ ಅಂಚಿನಲ್ಲಿ ಟಿಕೆಟ್, ಹೋಟೆಲ್, ಬಸ್ಸು ಎಲ್ಲವನ್ನೂ ನಾವೇ ನೋಡಿಕೊಳ್ಳುವುದು ಕಷ್ಟ. ಮೊದಲ ಸಲಕ್ಕೆ ಗೈಡ್ ಇರುವ ಗುಂಪೇ ಸರಿ.

ಮೊದಲು ದಾರಿ ಗೊತ್ತು ಮಾಡಿಕೊಳ್ಳಿ

ರೇಷ್ಮೆ ದಾರಿ ಅಂದರೆ ಒಂದೇ ರಸ್ತೆ ಅಲ್ಲ, ಹತ್ತಾರು ಕವಲುಗಳಿವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ: ಷಿಯಾನ್‌ನಲ್ಲಿ ಶುರು ಮಾಡಿ. ಅಲ್ಲಿಂದ ಲಾನ್‌ಜೋ, ಜಾಂಗ್ಯೆ, ಜಿಯಾಯುಗುವಾನ್, ದುನ್‌ಹುವಾಂಗ್, ತುರ್ಪಾನ್ ಹೀಗೆ ಪಶ್ಚಿಮಕ್ಕೆ ಹೋಗುತ್ತಾ ಉರುಂಚಿಯಲ್ಲಿ ಮುಗಿಸಿ. ಷಿಯಾನ್ ಅಂದರೆ ಹಳೆಯ ಚಾಂಗ್‌ಆನ್. ಕ್ರಿ.ಪೂ. 138ರಲ್ಲಿ ಹಾನ್ ದೊರೆ ವೂ ತನ್ನ ದೂತ ಜಾಂಗ್ ಚಿಯಾನ್‌ನನ್ನು ಪಶ್ಚಿಮಕ್ಕೆ ಕಳಿಸಿದ್ದು ಇಲ್ಲಿಂದಲೇ. ಅವನು ತಂದ ಸುದ್ದಿಯಿಂದಲೇ ಚೀನಾಕ್ಕೆ ಆ ಕಡೆಯ ನಾಡುಗಳ ಪರಿಚಯವಾಯಿತು.

ಲಾನ್‌ಜೋ ದಾಟಿದ ಮೇಲೆ ಹೆಶಿ ಕಾರಿಡಾರ್ ಸಿಗುತ್ತದೆ. ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕಿರಿದಾದ ಬಯಲು. ತೆಂಕಣಕ್ಕೆ ಚಿಲಿಯನ್ ಪರ್ವತ, ಬಡಗಣಕ್ಕೆ ಗೋಬಿ ಮರುಭೂಮಿ. ಪರ್ವತದ ಹಿಮ ಕರಗಿ ಇಳಿಯುವ ನೀರು ಎಲ್ಲಿ ತಲುಪಿತೋ ಅಲ್ಲಿ ಊರು ಬೆಳೆದಿದೆ, ಒಂಟೆಗಳ ಸಾಲು ಒಂದು ನೀರಿನಿಂದ ಇನ್ನೊಂದು ನೀರಿಗೆ ಅಂತ ಹೀಗೇ ನಡೆಯುತ್ತಿತ್ತು. ಈ ದಾರಿ ಇಲ್ಲೇ ಯಾಕೆ ಹೋಯಿತು ಅನ್ನುವುದು ನೆಲದ ಮೇಲೆ ಹೋದವರಿಗೆ ತಾನಾಗಿ ಅರ್ಥವಾಗುತ್ತದೆ. ಷಿಯಾನ್‌ನಿಂದ ನೇರ ದುನ್‌ಹುವಾಂಗ್‌ಗೆ ವಿಮಾನದಲ್ಲಿ ಹಾರಿಸುವ ಪ್ಯಾಕೇಜ್‌ಗಳಿವೆ. ಅವು ಎರಡು ಮೂರು ದಿನ ಉಳಿಸುತ್ತವೆ ನಿಜ, ಆದರೆ ದಾರಿಯನ್ನೇ ನೋಡದೆ ದಾರಿಯ ಟೂರ್ ಹೇಗಾಗುತ್ತದೆ? ರೈಲಿನಲ್ಲಿ ಕರೆದುಕೊಂಡು ಹೋಗುವ ಗುಂಪನ್ನೇ ಆರಿಸಿ. ಲಾನ್‌ಜೋದಿಂದ ಉರುಂಚಿವರೆಗೆ 1,776 ಕಿಲೋಮೀಟರ್ ಹೈಸ್ಪೀಡ್ ರೈಲು ಮಾರ್ಗ 2014ರಿಂದ ಇದೆ. ಆದರೆ ದುನ್‌ಹುವಾಂಗ್ ಆ ಮಾರ್ಗದ ಮೇಲಿಲ್ಲ. ಜಿಯಾಯುಗುವಾನ್‌ನಿಂದ ಬಸ್ಸಿನಲ್ಲಿ ಅರ್ಧ ದಿನ ಬೇಕು. ಮುಂದೆ ತುರ್ಪಾನ್‌ಗೆ ಹೋಗಲು ಲಿಯುಯುವಾನ್ ಅನ್ನುವ ಸ್ಟೇಷನ್ನಿಗೆ ನೂರಕ್ಕೂ ಜಾಸ್ತಿ ಕಿಲೋಮೀಟರ್ ವಾಪಸ್ ಬಂದು ರೈಲು ಹಿಡಿಯಬೇಕು. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಈ ಓಡಾಟಕ್ಕೆ ಸಮಯ ಇಟ್ಟಿಲ್ಲ ಅಂದರೆ, ಆ ಪಟ್ಟಿ ಬರೆದವರು ಈ ಕಡೆ ಹೋಗಿಲ್ಲ ಅಂತಲೇ ಅಂದುಕೊಳ್ಳಿ.

ಉರುಂಚಿಗಿಂತ ಇನ್ನೂ ಪಶ್ಚಿಮಕ್ಕಿರುವ ಕಾಶ್ಗರ್ ಸೇರಿಸಬೇಕಾ? ಸಮಯ ಇದ್ದರೆ ಖಂಡಿತ. ಎರಡು ವಾರಕ್ಕಿಂತ ಕಡಿಮೆ ರಜೆ ಇದ್ದರೆ ಬೇಡ.

ತಿಂಗಳು ಆರಿಸುವುದು

ಮೇ ಕೊನೆ, ಜೂನ್ ಮೊದಲು, ಇಲ್ಲವೇ ಸೆಪ್ಟೆಂಬರ್. ಮಾರ್ಚ್, ಏಪ್ರಿಲ್‌ನಲ್ಲಿ ಮರಳು ಬಿರುಗಾಳಿ. ಜುಲೈನಲ್ಲಿ ತುರ್ಪಾನ್‌ನಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಾಲ ಅಲ್ಲವೇ ಅಲ್ಲ. ಅಕ್ಟೋಬರ್ 1ರಿಂದ ಒಂದು ವಾರ, ಮೇ 1ರಿಂದ ಐದು ದಿನ ಅಲ್ಲಿ ದೇಶಕ್ಕೆ ದೇಶವೇ ರಜೆಯಲ್ಲಿ ಓಡಾಡುತ್ತದೆ. ಆ ದಿನಗಳು ನಿಮ್ಮ ಟೂರ್‌ನಲ್ಲಿ ಬಂದರೆ ದಿನಾಂಕ ಬದಲಾಯಿಸಿ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು

ಎಷ್ಟು ಊರು ತೋರಿಸುತ್ತೀರಿ ಅಂತ ಕೇಳುವುದಕ್ಕಿಂತ ದುನ್‌ಹುವಾಂಗ್ ಹತ್ತಿರದ ಮೊಗಾವೊ ಬೌದ್ಧ ಗುಹೆಗಳಿಗೆ ಯಾವ ಟಿಕೆಟ್ ಅಂತ ಮೊದಲು ಕೇಳಿ. ಇಡೀ ಪ್ರವಾಸದ ತೂಕ ಇರುವುದು ಅಲ್ಲೇ. ಗುಹೆಯ ಚಿತ್ರಗಳು ಜನರ ಉಸಿರಿನ ತೇವಕ್ಕೆ ಹಾಳಾಗುತ್ತವೆ ಅಂತ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟಿದ್ದಾರೆ. 'ಎ' ಟಿಕೆಟ್‌ಗೆ ಎಂಟು ಗುಹೆ ತೋರಿಸುತ್ತಾರೆ, ಅದಕ್ಕೂ ಮೊದಲು ಡಿಜಿಟಲ್ ಕೇಂದ್ರದಲ್ಲಿ ಎರಡು ಸಿನಿಮಾ ಹಾಕುತ್ತಾರೆ. 'ಬಿ' ಟಿಕೆಟ್‌ಗೆ ನಾಲ್ಕೇ ಗುಹೆ, ಸಿನಿಮಾ ಇಲ್ಲ. ಸೀಸನ್ನಿನಲ್ಲಿ 'ಎ' ಟಿಕೆಟ್ ಬಹಳ ಬೇಗ ಖಾಲಿಯಾಗುತ್ತದೆ. 'ಮೊಗಾವೊ ಭೇಟಿ ಸೇರಿದೆ' ಅಂತ ಬ್ರೋಷರ್‌ನಲ್ಲಿ ಇದ್ದರೆ ಸಾಲದು. ಎ ಟಿಕೆಟ್, ಇಂಗ್ಲಿಷ್ ಗೈಡ್ ಅಂತ ಬರಹದಲ್ಲಿ ಕೊಡಲು ಹೇಳಿ. ಮಳೆ ಬಂದು ಒಳಗೆ ತೇವ ಜಾಸ್ತಿಯಾದರೆ ಅಥವಾ ಮರಳುಗಾಳಿ ಎದ್ದರೆ ಗುಹೆ ಮುಚ್ಚಿಬಿಡುತ್ತಾರೆ, ಅದಕ್ಕೇ ದುನ್‌ಹುವಾಂಗ್‌ನಲ್ಲಿ ಎರಡು ರಾತ್ರಿಯಾದರೂ ಇರಬೇಕು.

ಆಮೇಲೆ ಗೈಡ್ ವಿಷಯ. ಚೀನಾದಲ್ಲಿ ಸಾಮಾನ್ಯವಾಗಿ ಊರೂರಿಗೆ ಬೇರೆ ಸ್ಥಳೀಯ ಗೈಡ್ ಬರುತ್ತಾರೆ. ಜೊತೆಗೆ ಶುರುವಿನಿಂದ ಕೊನೆಯವರೆಗೆ ಒಬ್ಬರೇ ಇರುವ ಗೈಡ್ ಇದ್ದಾರಾ ಕೇಳಿ. ರೈಲು ತಪ್ಪಿದಾಗ, ಯಾರಿಗಾದರೂ ಹುಷಾರಿಲ್ಲದಾಗ ಕೈಗೆ ಸಿಗುವವರು ಅವರೇ.

ಇನ್ನು ಅಂಗಡಿ. ರೇಟು ತೀರಾ ಕಡಿಮೆ ಇದ್ದರೆ ಜೇಡ್ ಅಂಗಡಿ, ರೇಷ್ಮೆ ಹೊದಿಕೆ ಅಂಗಡಿ, ಕಾರ್ಪೆಟ್ ಅಂಗಡಿ ಅಂತ ದಿನಕ್ಕೊಂದು ಕಡೆ ಗಂಟೆಗಟ್ಟಲೆ ಕೂರಿಸುತ್ತಾರೆ. ಅಂಗಡಿ ಭೇಟಿ ಇಲ್ಲ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ನಾಲ್ಕು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ.

ಕಾಗದ, ಫೋನ್, ದುಡ್ಡು

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ಖಾಲಿ ಪುಟ ಇರಬೇಕು. ರೈಲು ಹತ್ತಲು, ಹೋಟೆಲ್ ಸೇರಲು, ಗುಹೆ ನೋಡಲು ಎಲ್ಲದಕ್ಕೂ ಪಾಸ್‌ಪೋರ್ಟೇ ಬೇಕು, ಹಾಗಾಗಿ ಟಿಕೆಟ್ ಮೇಲಿನ ಹೆಸರಿನ ಸ್ಪೆಲಿಂಗ್ ಅದರಲ್ಲಿದ್ದಂತೆಯೇ ಇದೆಯಾ ಅಂತ ಮನೆಯಲ್ಲೇ ಒಮ್ಮೆ ನೋಡಿ.

ವಾಟ್ಸಾಪ್, ಗೂಗಲ್, ಯೂಟ್ಯೂಬ್ ಅಲ್ಲಿ ತೆರೆಯುವುದಿಲ್ಲ. ಇಲ್ಲಿನ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡು ಹೋದರೆ ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ದುಡ್ಡು ಕೊಡುವುದೆಲ್ಲ ಅಲಿಪೇ, ವೀಚಾಟ್ ಅನ್ನುವ ಆ್ಯಪ್‌ಗಳ ಮೂಲಕವೇ. ಇವುಗಳಿಗೆ ನಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಬಹುದು. ಆದರೆ ಓಟಿಪಿ ಬರಬೇಕಲ್ಲ, ಅದಕ್ಕೆ ಊರಲ್ಲಿದ್ದಾಗಲೇ ಸೇರಿಸಿ, ಕಾರ್ಡಿನ ವಿದೇಶಿ ಬಳಕೆಯನ್ನೂ ಆನ್ ಮಾಡಿಸಿ. ಯುಪಿಐ ನಂಬಿಕೊಂಡು ಹೋಗಬೇಡಿ. ಕೈಯಲ್ಲಿ ಒಂದಷ್ಟು ಯುವಾನ್ ನೋಟೂ ಇರಲಿ.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು. 2025ರ ಜೂನ್ ಕೊನೆಯಿಂದ ಚೀನಾದ ಒಳಗಿನ ವಿಮಾನಗಳಲ್ಲಿ 'ತ್ರೀ ಸಿ' (3C) ಅನ್ನುವ ಚೀನಾದ ಸುರಕ್ಷತೆಯ ಗುರುತು ಇಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ಇಲ್ಲಿ ಕೊಂಡದ್ದರಲ್ಲಿ ಆ ಗುರುತು ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಕೊಳ್ಳಿ.

ಸಸ್ಯಾಹಾರಿಗಳು ಏನು ಮಾಡಬೇಕು?

ಇದೇ ಎಲ್ಲರೂ ಕೇಳುವ ಪ್ರಶ್ನೆ. ಉಪವಾಸ ಬೀಳುವುದಿಲ್ಲ, ಆದರೆ ತಯಾರಿ ಬೇಕು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಹಂದಿ ಕೊಬ್ಬು ಯಾವುದೂ ಬೇಡ ಅಂತ ಒಂದೊಂದನ್ನೂ ಹೆಸರು ಹೇಳಿ ಚೀನೀ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿರಲಿ. ಸುಮ್ನೆ 'ವೆಜ್' ಅಂದರೆ ತರಕಾರಿಯನ್ನು ಮಾಂಸದ ಸಾರಿನಲ್ಲಿ ಬೇಯಿಸಿ ತಂದುಕೊಡಬಹುದು. ಲಾನ್‌ಜೋದ ಹೆಸರಾಂತ ನೂಡಲ್ ದನದ ಮಾಂಸದ್ದು, ಅದು ನೆನಪಿರಲಿ. ಸಣ್ಣಗೆ ಹೆಚ್ಚಿ ಹುರಿದ ಆಲೂಗಡ್ಡೆ, ಷಿಯಾನ್‌ನ ಲಿಯಾಂಗ್‌ಪಿ ಅನ್ನುವ ತಣ್ಣನೆಯ ನೂಡಲ್, ಪಶ್ಚಿಮದ ಶಿನ್‌ಜಿಯಾಂಗ್ ಪ್ರದೇಶದ ತಂದೂರಿ ನಾನ್, ತುರ್ಪಾನ್‌ನ ದ್ರಾಕ್ಷಿ ಧಾರಾಳವಾಗಿ ಸಿಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಬೌದ್ಧ ದೇವಾಲಯಗಳ ಊಟದ ಮನೆ ಹುಡುಕಿ, ಅಲ್ಲಿನ ಸಂಪ್ರದಾಯದಲ್ಲೂ ಅವೆರಡು ನಿಷಿದ್ಧ. ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಕುದಿಯುವ ನೀರು ಪುಕ್ಕಟೆ ಸಿಗುತ್ತದೆ, ಆದ್ದರಿಂದ ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ಚಟ್ನಿಪುಡಿ ಇದ್ದರೆ ಒಂದು ಹೊತ್ತು ಕಳೆದುಹೋಗುತ್ತದೆ. ಹಣ್ಣು, ತರಕಾರಿ, ಹಾಲಿನ ಪದಾರ್ಥ ಮಾತ್ರ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ತೆಗೆದುಕೊಂಡುಬಿಡುತ್ತಾರೆ.

ಅಲ್ಲಿ ಹೋದ ಮೇಲೆ ಏನು ನೋಡಬೇಕು

ಷಿಯಾನ್‌ನಲ್ಲಿ ಮಣ್ಣಿನ ಸೈನಿಕರನ್ನು ಎಲ್ಲರೂ ತೋರಿಸುತ್ತಾರೆ. ನೀವು ದೊಡ್ಡ ಹೆಬ್ಬಾತಿನ ಪಗೋಡಕ್ಕೂ ಸಮಯ ಕೇಳಿ. ಶಾಲೆಯ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ ತಂದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ್ದು ಅದು. ಹರ್ಷನಿಗೂ ಮಣಿಯದ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟವನೂ ಇವನೇ ಅಲ್ವಾ? ಅಪ್ಪಣೆ ಇಲ್ಲದೆ ಗಡಿ ದಾಟಿ ಹೋದ ಅವನ ದಾರಿಯಲ್ಲೇ ನೀವೂ ಮುಂದೆ ಹೋಗುತ್ತೀರಿ. ತುರ್ಪಾನ್ ಹತ್ತಿರದ ಗಾವೊಚಾಂಗ್ ಪಾಳು ಕೋಟೆಯಲ್ಲಿ ನಿಂತಾಗ ಇದನ್ನು ನೆನಪಿಸಿಕೊಳ್ಳಿ: ಅಲ್ಲಿನ ದೊರೆ ಅವನನ್ನು ಬಿಡದೆ ಹಿಡಿದಿಟ್ಟುಕೊಂಡಾಗ ಅವನು ಊಟ ಬಿಟ್ಟು ಕೂತು ಬಿಡಿಸಿಕೊಂಡು ಹೊರಟ ಅಂತ ಅವನ ಜೀವನಚರಿತ್ರೆ ಹೇಳುತ್ತದೆ.

ಜಾಂಗ್ಯೆಗೆ ಬಣ್ಣದ ಬೆಟ್ಟಗಳಿಗಾಗಿ ಹೋಗುತ್ತಾರೆ. ಊರೊಳಗೆ 1098ರ ದೇವಾಲಯದಲ್ಲಿ ಮಲಗಿದ ಬುದ್ಧ ಇದ್ದಾನೆ, 34 ಮೀಟರಿಗೂ ಉದ್ದ. ಅವನನ್ನು ಬಿಟ್ಟು ಬರಬೇಡಿ.

ಮೊಗಾವೊದಲ್ಲಿ ಗುಹೆಯೊಳಗೆ ಫೋಟೋ ತೆಗೆಯುವಂತಿಲ್ಲ. ಕತ್ತಲು, ಗೈಡ್ ಕೈಯ ಟಾರ್ಚ್ ಒಂದೇ ಬೆಳಕು. ಕ್ರಿ.ಶ. 366ರಿಂದ ಸಾವಿರ ವರ್ಷ ಕೊರೆದು ಬರೆದದ್ದು ಸುಮಾರು 45,000 ಚದರ ಮೀಟರ್ ಚಿತ್ರ. ಗೈಡ್ ವೇಗವಾಗಿ ಹೋಗುತ್ತಾರೆ, ಹಾಗಾಗಿ ಯಾವ ಗುಹೆಯಲ್ಲಿ ಏನಿದೆ ಅಂತ ಮೊದಲೇ ಓದಿಕೊಂಡು ಹೋಗಿ. 17ನೇ ಗುಹೆಯಲ್ಲಿ 1900ರಲ್ಲಿ ಸಾವಿರಾರು ಹಳೆಯ ಗ್ರಂಥಗಳು ಸಿಕ್ಕವು. 1907ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆರೆಲ್ ಸ್ಟೈನ್ ಅದರಲ್ಲಿ ಬಹಳಷ್ಟನ್ನು ಹೊತ್ತುಕೊಂಡು ಹೋದ. ಅವನ ಸಂಗ್ರಹದ ಒಂದು ಪಾಲು ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ, ಟೂರ್‌ಗೆ ಮೊದಲು ಅದನ್ನು ನೋಡಿದರೆ ಬಹಳ ಒಳ್ಳೆಯದು. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ವಿಶೇಷ ಗುಹೆಗಳನ್ನು ತೆರೆಯುತ್ತಾರೆ. 285ನೆಯದು ತೆರೆದಿದ್ದರೆ ಯೋಚಿಸದೆ ಟಿಕೆಟ್ ಕೊಳ್ಳಿ. 538, 539ರ ಬರಹ ಇರುವ ಆ ಗುಹೆಯ ಗೋಡೆಯಲ್ಲಿ ಬುದ್ಧನ ಜೊತೆ ಮಹೇಶ್ವರ, ಕುಮಾರ, ಆನೆ ಮುಖದ ವಿನಾಯಕ ಇದ್ದಾರೆ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದ್ದು. ಬಾದಾಮಿಯಲ್ಲಿ ಬಂಡೆ ಕೊರೆಯುವ ಹೊತ್ತಿಗೆ ನಮ್ಮ ದೇವರುಗಳು ಅಷ್ಟು ದೂರ ತಲುಪಿ ನಾಲ್ಕು ದಶಕ ಆಗಿತ್ತು.

ತುರ್ಪಾನ್, ಉರುಂಚಿ ಇರುವ ಶಿನ್‌ಜಿಯಾಂಗ್ ಒಳಗೆ ಹೋದ ಮೇಲೆ ಚೆಕಿಂಗ್ ಜಾಸ್ತಿ. ಪೊಲೀಸರ, ಚೆಕ್‌ಪೋಸ್ಟ್‌ಗಳ ಫೋಟೋ ತೆಗೆಯಬೇಡಿ. ಅಲ್ಲಿನ ಉಯ್ಗುರ್ ಜನರ ಹತ್ತಿರ ರಾಜಕೀಯದ ಪ್ರಶ್ನೆ ಕೇಳಲೇಬೇಡಿ. ನೀವು ವಾರದಲ್ಲಿ ವಾಪಸ್ ಬರುತ್ತೀರಿ, ಉತ್ತರ ಕೊಟ್ಟವರು ಅಲ್ಲೇ ಇರಬೇಕು. ಗಡಿಯಾರದ ವಿಷಯವೂ ಇದೆ: ಇಡೀ ದೇಶಕ್ಕೆ ಬೀಜಿಂಗ್ ಸಮಯ, ಆದರೆ ಇಲ್ಲಿ ಬಹಳ ಜನ ಎರಡು ಗಂಟೆ ಹಿಂದಿನ ಸ್ಥಳೀಯ ಸಮಯ ಬಳಸುತ್ತಾರೆ. ಬಸ್ಸು ಎಂಟಕ್ಕೆ ಅಂದರೆ ಯಾವ ಎಂಟು ಅಂತ ಹಿಂದಿನ ರಾತ್ರಿಯೇ ಗೈಡ್ ಹತ್ತಿರ ಕೇಳಿ ಮಲಗಿ.