ಬೆಟ್ಟ ಹತ್ತುವ ಮೊದಲು ಕೌಂಟರ್‌ನಲ್ಲಿ ಏನು ಕೇಳಬೇಕು?

ಚಾರಣಕ್ಕೆ ಬಂದವರು ಬೆಟ್ಟದ ಬುಡದ ಮಾಹಿತಿ ಕೇಂದ್ರಕ್ಕೆ ಹೋಗೇ ಹೋಗುತ್ತಾರೆ. ಟಾಯ್ಲೆಟ್ ಮುಗಿಸಿ, ಬಾಟಲಿಗೆ ನೀರು ತುಂಬಿಸಿ, ಗೋಡೆಯ ನಕ್ಷೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಕೌಂಟರ್‌ನಲ್ಲಿ ಕೂತವರನ್ನು ಮಾತಾಡಿಸುವುದೇ ಇಲ್ಲ!

ಮೊದಲನೆಯದಾಗಿ, ಹಿಂದಿನ ದಿನವೇ ಹೋಗಿ. ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ನೀವು ದಾರಿಯಲ್ಲಿರಬೇಕು. ಪರ್ಮಿಟ್, ಟೆಂಟ್ ಹಾಕುವ ಜಾಗ, ಬೆಂಕಿ ಹಚ್ಚಬಹುದೇ ಎಂಬುದೆಲ್ಲ ಐದು ನಿಮಿಷದ ಕೆಲಸ.

ಆಮೇಲೆ ಪ್ರಶ್ನೆಗಳು. ಎಲ್ಲರೂ ಎಡವುವುದು ಇಲ್ಲೇ. "ದಾರಿ ಚೆನ್ನಾಗಿದೆಯಾ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. "ಈ ದಾರಿಯಲ್ಲಿ ಕೊನೆಯದಾಗಿ ಯಾರು, ಯಾವಾಗ ನಡೆದು ಬಂದರು?" ಎಂದು ಕೇಳಿ. ಯಾವ ತೊರೆಯಲ್ಲಿ ಈಗ ನೀರಿದೆ, ಎಲ್ಲಿ ಮರ ಬಿದ್ದಿದೆ ಎಂದು ಕೇಳಿ. ಹಿಮ ಕರಗಿ ಹರಿಯುವ ಹಳ್ಳವಿದ್ದರೆ ಎಷ್ಟು ಗಂಟೆಯೊಳಗೆ ದಾಟಬೇಕು ಎಂದೂ ಕೇಳಿ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಬಿಸಿಲೇರಿದ ಮೇಲೆ ಸೊಂಟಕ್ಕೆ ಬರಬಹುದು. ಹವಾಮಾನದ ಬೋರ್ಡ್ ನೋಡಿದರೆ ಸಾಲದು, ಆ ಉಷ್ಣಾಂಶ ಯಾವ ಎತ್ತರದ್ದು ಎಂದು ವಿಚಾರಿಸಿ. 1000 ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ.

ಕೊನೆಗೆ, ನಡೆಯಲು ಎಷ್ಟು ಹೊತ್ತು ಬೇಕು ಎಂಬ ನಿಮ್ಮ ಲೆಕ್ಕವನ್ನು ಕೌಂಟರ್‌ನಲ್ಲಿ ಹೇಳಿ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ ಸೂತ್ರ ಇವತ್ತಿಗೂ ನಡೆಯುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಎಂದರೆ ಹತ್ತಿರ ಹತ್ತಿರ 4 ಗಂಟೆ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಟೆಂಟ್ ಹೊತ್ತಿದ್ದರೆ ನಾನು ಅರ್ಧದಷ್ಟು ಜಾಸ್ತಿ ಸೇರಿಸುತ್ತೇನೆ. ಹೇಳುವಾಗ ಎದುರಿನವರ ಮುಖ ನೋಡಿ. ಹುಬ್ಬು ಮೇಲೇರಿತೋ, ಚಿಕ್ಕ ದಾರಿ ಆರಿಸಿಕೊಳ್ಳಿ.

ನಕ್ಷೆ ಕೊಂಡುಕೊಳ್ಳಿ. ಪುಕ್ಕಟೆ ಕರಪತ್ರದ ಚಿತ್ರ ನಡೆಯುವವರಿಗಲ್ಲ. ಎತ್ತರದ ಗೆರೆಗಳಿರುವ 1:25,000 ನಕ್ಷೆ ಸಿಕ್ಕರೆ ಒಳ್ಳೆಯದು, ಅದರಲ್ಲಿ 4 ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಗೋಡೆಯ ನಕ್ಷೆಯನ್ನು ಮೊಬೈಲಿನಲ್ಲಿ ಕ್ಲಿಕ್ಕಿಸುವ ಅಡ್ಡದಾರಿ ನನಗೂ ಗೊತ್ತು. ಚಳಿಗೆ ಬ್ಯಾಟರಿ ಬೇಗ ಕೈಕೊಡುತ್ತದೆ, ಅದನ್ನೇ ನಂಬಿ ಹೋಗಬೇಡಿ. ಅಲ್ಲೇ ತೂಗುಹಾಕಿರುವ ತೆಳು ಪ್ಲಾಸ್ಟಿಕ್ ಮಳೆಯಂಗಿ ಮೊದಲ ಮುಳ್ಳಿಗೇ ಹರಿಯುತ್ತದೆ, ಸುಮ್ನೆ ದುಡ್ಡು ದಂಡ. ದಿಕ್ಸೂಚಿ ಅಂಟಿಸಿದ ಸೀಟಿಯಲ್ಲಿ ದಿಕ್ಸೂಚಿ ಬರೀ ಆಟಿಕೆ. ಸೀಟಿ ಮಾತ್ರ ಬೇಕು. ಕಷ್ಟಕ್ಕೆ ಸಿಕ್ಕಿಕೊಂಡರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ.

ಬಾಡಿಗೆ ಟೆಂಟ್ ಆದರೆ ಅಲ್ಲೇ ಅಂಗಳದಲ್ಲಿ ಒಮ್ಮೆ ಬಿಚ್ಚಿ ನಿಲ್ಲಿಸಿ, ಗೂಟ ಎಣಿಸಿಕೊಳ್ಳಿ.

ಇನ್ನು ರಿಜಿಸ್ಟರ್. ದಾರಿ, ಎಷ್ಟು ಜನ, ಟೆಂಟಿನ ಬಣ್ಣ, ವಾಪಸಾಗುವ ಹೊತ್ತು ಬರೆಯಿರಿ. ಬರೆದ ತಕ್ಷಣ ಯಾರೋ ನಮ್ಮನ್ನು ಕಾಯುತ್ತಾರೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಆ ಪುಸ್ತಕ ತೆರೆಯುವುದೇ ಮನೆಯವರು ಫೋನ್ ಮಾಡಿದ ಮೇಲೆ. "ನಾವು ಬರದಿದ್ದರೆ ಯಾರು ಗಮನಿಸುತ್ತಾರೆ?" ಎಂದು ನೇರವಾಗಿ ಕೇಳಿ, ಮನೆಯಲ್ಲೂ ಒಬ್ಬರಿಗೆ ಅದೇ ವಿವರ ಕೊಡಿ.

ಇಳಿದು ಬಂದ ಮೇಲೆ ಸೀದಾ ಬಸ್ ಹತ್ತಬೇಡಿ. ರಿಜಿಸ್ಟರ್‌ನಲ್ಲಿ ವಾಪಸಾದ ಹೊತ್ತು ಬರೆದು, ದಾರಿಯಲ್ಲಿ ಕಂಡ ಬಿದ್ದ ಮರ, ಬತ್ತಿದ ತೊರೆಯ ಸುದ್ದಿಯನ್ನು ಕೌಂಟರ್‌ನಲ್ಲಿ ಹೇಳಿ ಹೋಗಿ.