ಮೂರು ಮನೆಗೆ ಒಂದೇ ಟ್ರ್ಯಾಕ್ಟರ್: ಅಮೆರಿಕದಲ್ಲಿ ನೆರೆಯವರ ಜೊತೆ ಪಾಲಿಗೆ ಯಂತ್ರ ಕೊಳ್ಳುವವರಿಗೆ

ಜಮಖಂಡಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಮುತ್ಯಾನ ಕಾಲದ ಬಾವಿ ಒಂದಿದೆ. ನಾಲ್ಕು ಮನೆಗೆ ಸೇರಿದ್ದು. ಇವತ್ತು ಯಾರ ಪಾಳಿ, ಎಷ್ಟು ತಾಸು ಮೋಟರ್ ಹಚ್ಚಬೇಕು, ಹೂಳು ತೆಗೆಸಿದರೆ ಯಾರಿಗೆ ಎಷ್ಟು ಖರ್ಚು ಅನ್ನುವುದು ಮನೆಯ ಮಕ್ಕಳಿಗೂ ಗೊತ್ತು. ನಮ್ಮ ಪಾಲು ನಾಕಾಣೆ ಎಂದು ಉತಾರದಲ್ಲೇ ಬರೆದಿದೆ. ನಾರ್ತ್ ಕೆರೊಲಿನಾದಲ್ಲಿ ಇಬ್ಬರು ನೆರೆಯವರ ಜೊತೆ ಸೇರಿ ಟ್ರ್ಯಾಕ್ಟರ್ ತಗೊಂಡೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಎಷ್ಟು ಎಚ್‌ಪಿ ಎಂದು ಕೇಳಲಿಲ್ಲ.

"ಕಾಗದಪತ್ರ ಮಾಡೀರೇನಪಾ?"

"ಇಲ್ರಿ ಅಪ್ಪಾ. ಎಲ್ಲಾ ಚಲೋ ಮಂದಿ ಅದಾರ."

"ಚಲೋ ಮಂದಿ ಇದ್ದಾಗನ ಬರಕೋಬೇಕು. ಕೆಟ್ಟ ಮ್ಯಾಲ ಯಾರ ಬರೀತಾರ?"

ಆ ಮಾತನ್ನು ನಾನು ಆಗ ಕೇಳಲಿಲ್ಲ. ಎರಡು ವರ್ಷದ ನಂತರ ಅದರ ಬೆಲೆ ತೆತ್ತೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು, ಇಲ್ಲಿ ಊರಾಚೆ ನಾಲ್ಕೈದು ಎಕರೆ ಕೊಂಡು, ನೆಲದ ಆಸೆ ಬಿಡಲಾಗದೆ ಇರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪಾಲಿಗೆ ಕೊಳ್ಳುವುದು ಒಳ್ಳೆಯ ಯೋಚನೆಯೇ. ನಮ್ಮಲ್ಲಿ ಎರಿ ಭೂಮಿ ಇದ್ದ ಹಾಗೆ ಇಲ್ಲಿ ಕೆಂಪು ಜೇಡಿ. ದೊಡ್ಡ ಮಳೆ ಬಂದರೆ ಮನೆಗೆ ಹೋಗುವ ಜಲ್ಲಿ ದಾರಿ ಕೊಚ್ಚಿ ಹೋಗುತ್ತದೆ. ಚಂಡಮಾರುತ ಬೀಸಿದರೆ ಮರ ಬೀಳುತ್ತವೆ. ಬೇಸಿಗೆಯಲ್ಲಿ ಹುಲ್ಲು ಎದೆಮಟ್ಟ ಬೆಳೆಯುತ್ತದೆ. ಇಷ್ಟಕ್ಕೆ ಲೋಡರ್, ಅಂದರೆ ಮುಂದೆ ಮಣ್ಣು ಎತ್ತುವ ಬಕೆಟ್, ಇರುವ ಸಣ್ಣ ಟ್ರ್ಯಾಕ್ಟರ್ ಬೇಕೇ ಬೇಕು, ಆದರೆ ವರ್ಷದ ಬಹುಪಾಲು ದಿನ ಅದು ಶೆಡ್ಡಿನಲ್ಲೇ ನಿಂತಿರುತ್ತದೆ. ಬಾಡಿಗೆಗೆ ತಂದರೆ ಒಂದು ದಿನ ಅಂದರೆ ಸಾಮಾನ್ಯವಾಗಿ ಎಂಜಿನ್ ಓಡಿದ ತಾಸು ತೋರಿಸುವ ಮೀಟರಿನಲ್ಲಿ 8 ತಾಸು, ಅದಕ್ಕಿಂತ ಹೆಚ್ಚು ಓಡಿಸಿದರೆ ಬೇರೆ ದುಡ್ಡು. ನಾವು ಮೂವರೂ ತಲಾ 7,000 ಡಾಲರ್ ಹಾಕಿ ಹಳೆಯದೊಂದನ್ನು ಕೊಂಡೆವು.

ಮೊದಲ ಪಾಠ ಅಲ್ಲೇ ಸಿಕ್ಕಿತು. ನಮ್ಮೂರಲ್ಲಿ ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಆರ್‌ಸಿ ಬುಕ್ ತೆಗೆಸಿ ನೋಡುತ್ತಾರೆ. ಬ್ಯಾಂಕಿನ ಬೋಜಾ ಇದ್ದರೆ ಅದರಲ್ಲೇ ನಮೂದಾಗಿರುತ್ತದೆ. ಇಲ್ಲಿ ಕಾರಿಗೆ ಟೈಟಲ್ ಎಂಬ ಮಾಲೀಕತ್ವದ ಪತ್ರ ಇದೆ, ಹೊಲದ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಇಲ್ಲ. ಮಾರಿದವನು ಸಹಿ ಮಾಡಿ ಕೊಡುವ ಬಿಲ್ ಆಫ್ ಸೇಲ್ ಒಂದೇ ನಿಮ್ಮ ಕೈಲಿರುವ ಪುರಾವೆ. ಅದರಲ್ಲಿ ಮೂವರ ಹೆಸರೂ ಇರಲಿ, ಯಾರದು ಎಷ್ಟು ಪಾಲು ಎಂದೂ ಇರಲಿ. ಸೀರಿಯಲ್ ನಂಬರನ್ನು ಮಾರಿದವನ ಬಾಯಿಂದ ಕೇಳಿ ಬರೆದುಕೊಳ್ಳಬೇಡಿ, ಬಗ್ಗಿ ಮಣ್ಣು ಒರೆಸಿ ತಗಡಿನ ಮೇಲಿಂದ ನೀವೇ ಓದಿ ಬರೆಯಿರಿ. ಲೋಡರಿಗೂ ಬೇರೆ ನಂಬರ್ ಇರುತ್ತದೆ.

ಸಾಲ ಇದೆಯೇ ಎಂದು ತಿಳಿಯಲು ದಾರಿ ಬೇರೆ. ಯಂತ್ರದ ಮೇಲೆ ಸಾಲ ಕೊಟ್ಟವರು ಸಾಲಗಾರನ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಯುಸಿಸಿ-1 ಎಂಬ ನೋಟಿಸು ದಾಖಲಿಸುತ್ತಾರೆ. ಮಾರುವವನ ಹೆಸರು ಹಾಕಿ ಆನ್‌ಲೈನಿನಲ್ಲಿ ಹುಡುಕಬಹುದು. ಆದರೆ ಮನೆ ಬಳಕೆಗೆಂದು ಕೊಂಡ ಯಂತ್ರದ ಸಾಲಕ್ಕೆ ಈ ನೋಟಿಸು ಇಲ್ಲದೆಯೂ ಹಕ್ಕು ನಿಲ್ಲಬಹುದು. ಹಾಗಾಗಿ ಮಾರುವವನು ಸಾಲ ತೀರಿದೆ ಎಂದರೆ ಸಾಲ ಕೊಟ್ಟವರ ಪತ್ರ ಕೇಳಿ, ತೀರಿಲ್ಲ ಎಂದರೆ ದುಡ್ಡನ್ನು ನೇರ ಅವರಿಗೇ ಕಟ್ಟಿ.

ಈಗ ಮುಖ್ಯ ವಿಷಯ. ಬರೀ ಕೂಡಿ ಕೊಂಡ ಮಾತ್ರಕ್ಕೆ ಅಮೆರಿಕದ ಕಾನೂನು ನಿಮ್ಮನ್ನು ವ್ಯಾಪಾರದ ಪಾಲುದಾರರು ಅನ್ನುವುದಿಲ್ಲ, ಒಂದೇ ವಸ್ತುವಿನ ಜಂಟಿ ಮಾಲೀಕರು ಅನ್ನುತ್ತದೆ, ಅಷ್ಟೇ. ಆದರೆ ಅದೇ ಟ್ರ್ಯಾಕ್ಟರಿನಲ್ಲಿ ಬೇರೆಯವರ ಕೆಲಸ ಹಿಡಿದು ಬಂದ ಲಾಭ ಹಂಚಿಕೊಳ್ಳಲು ಶುರು ಮಾಡಿದರೆ, ಒಂದು ಸಾಲೂ ಬರೆಯದಿದ್ದರೂ ಕಾನೂನಿನ ಕಣ್ಣಿಗೆ ಅದು ಪಾರ್ಟ್ನರ್‌ಶಿಪ್. ಆ ಕೆಲಸದಲ್ಲಿ ಒಬ್ಬನಿಂದ ಆದ ಹಾನಿಗೆ ಉಳಿದವರ ಮನೆ, ಉಳಿತಾಯಕ್ಕೂ ಕೈ ಹಾಕಬಹುದು. ಊರಲ್ಲಿ ಪಕ್ಕದವರ ಹೊಲಕ್ಕೆ ರಂಟೆ ಹೊಡೆದು ಡೀಸೆಲ್ ದುಡ್ಡಿನ ಮೇಲೆ ಐನೂರು ಇಸಿದುಕೊಂಡಷ್ಟು ಸಲೀಸಲ್ಲ ಇದು.

ಹೊರಗಿನ ಕೆಲಸ ಮಾಡುವುದೇ ಆದರೆ ಸದಸ್ಯರ ಹೊಣೆಗೆ ಮಿತಿ ಇರುವ ಕಂಪನಿ, ಅಂದರೆ ಎಲ್‌ಎಲ್‌ಸಿ ಮಾಡಿಕೊಳ್ಳಿ, ಟ್ರ್ಯಾಕ್ಟರ್ ಅದರ ಹೆಸರಿಗೆ ಇರಲಿ. ನಾರ್ತ್ ಕೆರೊಲಿನಾದಲ್ಲಿ ನೋಂದಣಿಗೆ 125 ಡಾಲರ್, ಆಮೇಲೆ ಪ್ರತಿ ವರ್ಷದ ವರದಿಗೆ 200. ಕ್ಯಾಲಿಫೋರ್ನಿಯಾದಲ್ಲಾದರೆ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ ಇದೆ, ಅಲ್ಲಿ ಎರಡು ಸಲ ಲೆಕ್ಕ ಹಾಕಬೇಕು. ಇಬ್ಬರಿಗಿಂತ ಹೆಚ್ಚು ಸದಸ್ಯರಿದ್ದರೂ, ಇಬ್ಬರೇ ಇದ್ದರೂ, ಬೇರೆ ಆಯ್ಕೆ ಮಾಡದಿದ್ದರೆ ಪಾರ್ಟ್ನರ್‌ಶಿಪ್ ತೆರಿಗೆಯ ಫಾರ್ಮ್ 1065 ಬರುತ್ತದೆ, ಮಾರ್ಚ್ 15ರ ಗಡುವು. ಇನ್ನೊಂದು ನೆನಪಿರಲಿ: ಟ್ರ್ಯಾಕ್ಟರ್ ಓಡಿಸುತ್ತಿದ್ದವನ ಸ್ವಂತ ತಪ್ಪಿಗೆ ಎಲ್‌ಎಲ್‌ಸಿ ಅವನನ್ನೇ ಕಾಯುವುದಿಲ್ಲ. ನಾವು ಹೊರಗಿನ ಕೆಲಸ ಬೇಡವೇ ಬೇಡ ಎಂದು ತೀರ್ಮಾನಿಸಿದ್ದರಿಂದ ಬರೀ ಒಪ್ಪಂದ ಪತ್ರದಲ್ಲೇ ನಿಂತೆವು.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೆ ಪ್ರತ್ಯೇಕ ಮಾತು. ಯಂತ್ರದಲ್ಲಿ ಪಾಲು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ವೀಸಾ ಕೊಡಿಸಿದ ಕಂಪನಿಯ ಕೆಲಸ ಬಿಟ್ಟು ಬೇರೆ ಕಡೆ ದುಡಿಯುವ ಪರವಾನಗಿ ನಿಮಗಿಲ್ಲ. ಯಾರದೋ ದಾರಿ ಸಮ ಮಾಡಿ ಕೊಟ್ಟು ನೂರು ಡಾಲರ್ ಪಡೆದರೂ ಅದು ಕೆಲಸವೇ. ನೂರು ಡಾಲರಿಗೆ ಗ್ರೀನ್ ಕಾರ್ಡಿನ ದಾರಿ ಕೆಡಿಸಿಕೊಳ್ಳಬೇಡಿ.

ವಿಮೆಯ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಮನೆಯ ವಿಮೆ ಇದೆಯಲ್ಲ, ಸಾಕು ಅಂದುಕೊಳ್ಳುತ್ತಾರೆ. ಆ ಪಾಲಿಸಿಗಳು ಸಾಮಾನ್ಯವಾಗಿ ನಿಮ್ಮ ಮನೆಯ ಅಂಗಳ ನೋಡಿಕೊಳ್ಳುವ ಯಂತ್ರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಮೂರು ಮನೆಗೆ ತಿರುಗುವ, ಮೂವರೂ ಓಡಿಸುವ ಟ್ರ್ಯಾಕ್ಟರ್ ಅನ್ನುವುದನ್ನು ಏಜೆಂಟರಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಯಂತ್ರಕ್ಕೆ ಆಗುವ ಹಾನಿ ಬೇರೆ, ಯಂತ್ರದಿಂದ ಬೇರೆಯವರಿಗೆ ಆಗುವ ಹಾನಿ ಬೇರೆ, ಎರಡನ್ನೂ ಕೇಳಿ. ಜಾಗದಿಂದ ಜಾಗಕ್ಕೆ ಓಡಾಡುವ ಯಂತ್ರದ ಪಾಲಿಸಿಗೆ ಇಲ್ಲಿ ಇನ್‌ಲ್ಯಾಂಡ್ ಮರೀನ್ ಎಂಬ ಹೆಸರಿದೆ. ಹೆಸರು ಹಡಗಿನದು ಅನಿಸಿದರೂ ನೆಲದ ಮೇಲಿನ ಸಾಮಾನಿಗೇ ಕೊಡುವುದು.

ನಮಗೆ ಪೆಟ್ಟು ಬಿದ್ದದ್ದು ಇದ್ಯಾವುದರಿಂದಲೂ ಅಲ್ಲ. ಎರಡನೇ ವರ್ಷ ಒಬ್ಬರು ಮನೆ ಮಾರಿ ಬೇರೆ ರಾಜ್ಯಕ್ಕೆ ಹೊರಟರು. ಅವರು ಹಾಕಿದ 7,000 ವಾಪಸು ಕೇಳಿದರು. ಟ್ರ್ಯಾಕ್ಟರ್ ಹಳತಾಗಿದೆ, ಈಗಿನ ಬೆಲೆಯ ಮೂರನೇ ಒಂದು ಪಾಲು ಕೊಡುತ್ತೇವೆ ಎಂದೆವು. ಹಿಂದಿನ ಎರಡು ಟೈರು ನಾನೊಬ್ಬನೇ ಹಾಕಿಸಿದ್ದೆನಲ್ಲ ಎಂದು ಅವರು ನೆನಪಿಸಿದರು. ನಿಜವಾಗಿಯೂ ಅವರೇ ಹಾಕಿಸಿದ್ದರು, ರಸೀದಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ದೀಪಾವಳಿಗೆ ನಮ್ಮ ಮನೆಗೆ ಬಂದು ಕರದಂಟು ತಿಂದು ಹೋಗಿದ್ದ ಮನುಷ್ಯ ಆರು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಅವರು ಕೇಳಿದ್ದಕ್ಕೂ ನಾವು ಹೇಳಿದ್ದಕ್ಕೂ ನಡುವೆ ಒಂದು ಮೊತ್ತಕ್ಕೆ ಮುಗಿಯಿತು. ಮೊದಲಿನ ಸಲಿಗೆ ಮರಳಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ಈಗಿನ ನಮ್ಮ ಒಪ್ಪಂದ ಎರಡೇ ಪುಟ, ಹೊಸ ಮೂರನೆಯವರು ಸೇರುವ ಮೊದಲೇ ವಕೀಲರಿಗೆ ತೋರಿಸಿ ಸಹಿ ಹಾಕಿದ್ದು. ಬಿಟ್ಟು ಹೋಗುವವರ ಪಾಲಿನ ಬೆಲೆಯನ್ನು ಇಬ್ಬರು ಡೀಲರುಗಳು ಹೇಳಿದ ಬೆಲೆಯ ಸರಾಸರಿಯಿಂದ ಕಟ್ಟಬೇಕು, ಉಳಿದವರು 90 ದಿನದಲ್ಲಿ ಕೊಡಬೇಕು, ಅವರು ಬೇಡ ಅಂದರೆ ಮಾತ್ರ ಹೊರಗಿನವರಿಗೆ ಮಾರಬಹುದು. ಒಬ್ಬರು ತೀರಿಕೊಂಡರೆ, ಗಂಡ ಹೆಂಡತಿ ಬೇರೆಯಾದರೆ ಏನು ಅನ್ನುವುದನ್ನೂ ಬರೆದಿದ್ದೇವೆ. ಹಾಗೆ ಬರೆಯಲು ಬಾಯಿ ಬರುವುದಿಲ್ಲ, ಅಪಶಕುನ ಅನಿಸುತ್ತದೆ. ಆದರೆ ಜಂಟಿ ಮಾಲೀಕರ ಪಾಲು ಸಾಮಾನ್ಯವಾಗಿ ವಾರಸುದಾರರಿಗೆ ಹೋಗುತ್ತದೆ, ನಾಳೆ ನೀವು ಮುಖ ನೋಡದವರೂ ಪಾಲುಗಾರರಾಗಬಹುದು. ಟ್ರ್ಯಾಕ್ಟರನ್ನು ಬೇರೆಯವರಿಗೆ ಎರವಲು ಕೊಡುವುದಾಗಲಿ, ನೆಂಟರಿಗೆ ಓಡಿಸಲು ಕೊಡುವುದಾಗಲಿ ಮೂವರ ಒಪ್ಪಿಗೆ ಇಲ್ಲದೆ ಇಲ್ಲ.

ದಿನನಿತ್ಯದ ಲೆಕ್ಕಕ್ಕೆ ಸೀಟಿನ ಹಿಂದೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಟ್ಟಿ, ಒಂದು ಪೆನ್ಸಿಲ್ ಇದೆ. ಗ್ರೀಸಿನ ಕೈಗೆ ಪೆನ್ ಬರೆಯುವುದಿಲ್ಲ. ಹತ್ತಿದಾಗ ಮೀಟರಿನ ಅಂಕಿ, ಇಳಿದಾಗ ಮೀಟರಿನ ಅಂಕಿ, ಡೀಸೆಲ್ ಹಾಕಿದ್ದು, ಗ್ರೀಸ್ ಹೊಡೆದದ್ದು, ಕೇಳಿದ ಹೊಸ ಸದ್ದು ಇದ್ದರೆ ಅದೂ. ಓಡಿಸಿದ ಪ್ರತಿ ತಾಸಿಗೆ ಇಷ್ಟು ಡಾಲರ್ ಎಂದು ಮೂರೂ ಮನೆಯವರು ರಿಪೇರಿ ಖಾತೆಗೆ ಹಾಕುತ್ತೇವೆ. ಹೆಚ್ಚು ಓಡಿಸಿದವರು ಹೆಚ್ಚು ಕೊಡುತ್ತಾರೆ, ಆಯಿಲ್ ಬದಲಿಸುವ ದಿನ ಯಾರೂ ಜೇಬು ಮುಟ್ಟಿಕೊಳ್ಳುವುದಿಲ್ಲ. ಬಾವಿಯ ಪಾಳಿಯ ಲೆಕ್ಕವೇ ಇದು, ನೀರಿನ ಜಾಗದಲ್ಲಿ ತಾಸು ಬಂದಿದೆ.

ನೆಲ ಅಗೆಯುವ ಮೊದಲು, ನೆಲದಡಿಯ ತಂತಿ, ಪೈಪುಗಳ ಗುರುತು ಹಾಕಿಸಲು 811ಕ್ಕೆ ಫೋನ್ ಮಾಡಿ. ಉಚಿತ. ನಾರ್ತ್ ಕೆರೊಲಿನಾದಲ್ಲಿ ಮೂರು ಪೂರ್ತಿ ಕೆಲಸದ ದಿನ ಮುಂಚೆ ತಿಳಿಸಬೇಕು. ಆಯಾ ಕಂಪನಿಯವರು ಬಂದು ಕೆಂಪು ಬಣ್ಣದಲ್ಲಿ ಕರೆಂಟಿನ ತಂತಿ, ಹಳದಿಯಲ್ಲಿ ಗ್ಯಾಸ್, ನೀಲಿಯಲ್ಲಿ ಕುಡಿಯುವ ನೀರಿನ ಪೈಪು ಎಲ್ಲಿದೆ ಎಂದು ಗುರುತು ಹಾಕುತ್ತಾರೆ. ನಿಮ್ಮದೇ ಸೆಪ್ಟಿಕ್ ಟ್ಯಾಂಕಿನ ಗುರುತನ್ನು ಅವರು ಹಾಕುವುದಿಲ್ಲ. ಅದರ ಇಂಗು ಪೈಪುಗಳ ಮೇಲೆ ಭಾರದ ಯಂತ್ರ ಹಾಯಿಸಿದರೆ ಒಡೆಯುತ್ತವೆ, ಆದ್ದರಿಂದ ಕೌಂಟಿ ಆರೋಗ್ಯ ಇಲಾಖೆಯಿಂದ ಮೂರೂ ಮನೆಯ ಸೆಪ್ಟಿಕ್ ನಕ್ಷೆ ತರಿಸಿ ಅದೇ ಚೀಲದಲ್ಲಿ ಇಡಿ.

ಕೊಳ್ಳುವಾಗ ಸೀಟಿನ ಹಿಂದಿನ ಉಕ್ಕಿನ ಚೌಕಟ್ಟು, ಇಲ್ಲಿಯವರು ರೋಪ್ಸ್ ಅನ್ನುವುದು, ಇದೆಯೇ ನೋಡಿ. ಈ ದೇಶದ ಹೊಲಗಳಲ್ಲಿ ಸಾವಿಗೆ ಬಹುದೊಡ್ಡ ಕಾರಣ ಟ್ರ್ಯಾಕ್ಟರ್ ಮಗುಚುವುದೇ. ಚೌಕಟ್ಟು ಎತ್ತಿ ನಿಲ್ಲಿಸಿ ಬೆಲ್ಟನ್ನೂ ಹಾಕಿಕೊಂಡರೆ ಅದು ಜೀವ ಉಳಿಸುವ ಸಾಧ್ಯತೆ ಬಹಳ ಹೆಚ್ಚು. ಚೌಕಟ್ಟು ಇಲ್ಲದ ಹಳೆಯ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಕ್ಕರೆ, ಅದನ್ನು ಹಾಕಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಮೂರರಿಂದ ಭಾಗಿಸಿ.